ಕೂದಲ ಜಾತಕ

ಡಾಕ್ಟರ್ ವೈಜಯಂತಿ ಹುಲಕೋಟಿಗೆ ತನ್ನ ಗಿರಾಕಿಗಳ ಮುಖ ಕಂಡರೆ ಆಗುತ್ತಿರಲಿಲ್ಲ. ಹುಬ್ಬಳ್ಳಿಯ ನವನಗರದಲ್ಲಿದ್ದ ಆ ಪ್ರಯೋಗಾಲಯದ ಮುಂದಿನ ಕೋಣೆಯಲ್ಲಿ ಮೆತ್ತನೆಯ ಸೋಫಾಗಳಿದ್ದವು, ಗೋಡೆಯ ಮೇಲೆ ನಗುವ ವಧೂವರರ ದೊಡ್ಡ ಚಿತ್ರವಿತ್ತು. ಅಲ್ಲಿ ಹುಡುಗನ ಅಪ್ಪ, ಅಮ್ಮ, ಸೋದರಮಾವ, ಒಮ್ಮೊಮ್ಮೆ ಸಂಬಂಧ ಕುದುರಿಸಿದ ದಲ್ಲಾಳಿ ಸಮೇತ ಬಂದು ಕೂತು, ಇನ್ನೊಬ್ಬರ ಮಗಳ ಕೂದಲಿನಲ್ಲಿ ಏನು ಸಿಕ್ಕಿತು ಎಂದು ಚಹಾ ಹೀರುತ್ತ ಕಾಯುತ್ತಿದ್ದರು. ವೈಜಯಂತಿ ಹಿಂಬಾಗಿಲಿಂದ ಬಂದು ಹಿಂಬಾಗಿಲಿಂದಲೇ ಹೋಗುತ್ತಿದ್ದಳು. ಆದರೂ ಆಗಾಗ ಯಾರೋ ಒಬ್ಬರು ಅವಳನ್ನು ಹಿಡಿದು ನಿಲ್ಲಿಸುತ್ತಿದ್ದರು.

“ಮೇಡಂ, ಹುಡುಗಿ ಕೂದಲದಾಗ ಸಿಟ್ಟು ಭಾಳ ತೋರಿಸೇತಂತ. ನಾವೇನ್ ಮಾಡಬೇಕ್ರಿ?”

“ಆಕಿಗೆ ಸಿಟ್ಟು ಬರೂವಂಥಾದ್ದು ಮಾಡಬ್ಯಾಡ್ರಿ,” ಎಂದು ಹೇಳಿ ಅವಳು ನಡೆದುಬಿಡುತ್ತಿದ್ದಳು. ಕೇಳಿದವರು ಅದನ್ನು ತಮಾಷೆ ಎಂದುಕೊಂಡು ನಗುತ್ತಿದ್ದರು. ಅದು ಅವಳಿಗೆ ಇನ್ನಷ್ಟು ಹೇಸಿಗೆ ಹುಟ್ಟಿಸುತ್ತಿತ್ತು.

ಈ ವಿದ್ಯೆ ಶುರುವಾದದ್ದು ಮದುವೆಗಾಗಿ ಅಲ್ಲ. ಕೂದಲು ಬೆಳೆಯುವಾಗ ರಕ್ತದಲ್ಲಿ ಹರಿಯುವುದೆಲ್ಲ ಅದರ ಬುಡದಲ್ಲಿ ಒಂದಿಷ್ಟು ಸೇರಿಕೊಂಡು, ಅಲ್ಲೇ ಗಟ್ಟಿಯಾಗಿ, ಎಳೆಯ ಜೊತೆಗೇ ಹೊರಗೆ ಬರುತ್ತದೆ. ಒಂದು ದಿನಕ್ಕೆ ಎಳೆ ಬೆಳೆಯುವುದು ಅಕ್ಕಿಕಾಳಿನ ದಪ್ಪದ ಕಾಲುಭಾಗದಷ್ಟೂ ಇಲ್ಲ. ಅಷ್ಟರಲ್ಲೇ ಆ ದಿನ ತಿಂದದ್ದು, ಕುಡಿದದ್ದು, ಉಸಿರಾಡಿದ ವಿಷ, ಎಲ್ಲದರ ಗುರುತು ಇರುತ್ತದೆ. ಹತ್ತಿ ಹೊಲಗಳಲ್ಲಿ ಔಷಧಿ ಹೊಡೆಯುವ ಕೂಲಿಯವರ ಮೈಗೆ ಯಾವ ದಿನ ಎಷ್ಟು ವಿಷ ಸೇರಿತು ಎಂದು ತಿಳಿಯಲು ವೈಜಯಂತಿ ಕೂದಲು ಹಿಡಿದು ಕೂತಿದ್ದಳು. ತೊಡಕಿದ್ದದ್ದು ಕತ್ತರಿಸುವುದರಲ್ಲಿ. ಬೆಚ್ಚಗಿನ ಕೂದಲು ಅಲಗಿನ ಕೆಳಗೆ ಬಾಗುತ್ತದೆ, ಹಿಸುಕಿಹೋಗುತ್ತದೆ. ಸೋಮವಾರದ್ದು ಮಂಗಳವಾರಕ್ಕೆ ಮೆತ್ತಿಕೊಳ್ಳುತ್ತದೆ. ಅದನ್ನು ಗಾಜಿನಂತೆ ಸಿಡಿಯುವಷ್ಟು ತಣ್ಣಗೆ ಮಾಡಿ, ಆ ಚಳಿಯಲ್ಲೇ ವಜ್ರದ ಅಲಗಿನಿಂದ ಬೆಳಗು ಬೇರೆ ಸಂಜೆ ಬೇರೆ ಬರುವಷ್ಟು ತೆಳ್ಳಗೆ ಹೆಚ್ಚುವ ದಾರಿಯನ್ನು ಅವಳು ಕಂಡುಹಿಡಿದಳು. ಅದೇ ಹೊತ್ತಿಗೆ ಇನ್ನೆಲ್ಲೋ ಇನ್ಯಾರೋ, ಭಯ ಬಿದ್ದಾಗ ರಕ್ತಕ್ಕೆ ಇಳಿಯುವ ರಸಗಳೇ ಬೇರೆ, ದುಃಖದವೇ ಬೇರೆ, ಸಂತೋಷದವೇ ಬೇರೆ ಎಂದು ಬಿಡಿಸಿ ಓದುವ ಯಂತ್ರ ಕಟ್ಟಿದರು. ಕೂಲಿಯವರ ಬಗ್ಗೆ ಕೇಳಿಕೊಂಡು ಯಾರೂ ಬರಲಿಲ್ಲ. ಮದುವೆಯವರು ಬಂದರು.

ಕಾಗದದ ಮೇಲೆ ಅದರ ಹೆಸರು ‘ಕೇಶಪತ್ರ’. ಜನ ಅದನ್ನು ಕೂದಲ ಜಾತಕ ಎಂದರು.

ಕೆಲವೇ ವರ್ಷಗಳಲ್ಲಿ ಊರು ಅದಕ್ಕೆ ಹೊಂದಿಕೊಂಡ ಬಗೆ ನೋಡಿದರೆ ವೈಜಯಂತಿಗೆ ನಗಬೇಕೋ ಉಗುಳಬೇಕೋ ತಿಳಿಯುತ್ತಿರಲಿಲ್ಲ. ಮೊದಲು ಜನ ತಲೆ ಬೋಳಿಸಿಕೊಂಡರು. ಹರಕೆ ಎಂದು ನೆಪ ಹೇಳಿದರು. ಆಮೇಲೆ ಬೋಳುತಲೆಯ ಹುಡುಗಿ ಎಂದರೆ ಏನೋ ಮುಚ್ಚಿಟ್ಟವಳು ಎಂದಾಯಿತು. ಹೆರಳು ಗಿಡ್ಡ ಮಾಡಿಸಿದರೂ ಅದೇ ಮಾತು. ತಾಯಂದಿರು ಬೆಳೆದ ಹೆಣ್ಣುಮಕ್ಕಳಿಗೆ, “ಅಳಬ್ಯಾಡ, ಕೂದಲದಾಗ ಬರತೈತಿ,” ಎಂದು ಗದರಿಸತೊಡಗಿದರು. ಅಜ್ಜಿ ಸತ್ತ ದಿನವೂ ಕಣ್ಣೀರು ನುಂಗಿಕೊಂಡು ಕೂತ ಹುಡುಗಿಯರಿದ್ದರು. ಕೂದಲಿನ ಶಾಂತಿಗೆಂದೇ ಪೂಜೆ ಮಾಡಿಸುವ ಭಟ್ಟರು ಹುಟ್ಟಿಕೊಂಡರು. ಇಷ್ಟೆಲ್ಲ ಆದರೂ ಒಂದು ಸಂಗತಿಯನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ಹುಡುಗಿಯ ಜಡೆಯಲ್ಲಿ ಆರು ವರ್ಷದ ಬದುಕು ನೇತಾಡುತ್ತಿತ್ತು. ಹುಡುಗನ ಕ್ರಾಪಿನಲ್ಲಿ ಇದ್ದದ್ದು ಹೆಚ್ಚೆಂದರೆ ಒಂದೆರಡು ತಿಂಗಳು. ಆ ಒಂದೆರಡು ತಿಂಗಳು ಯಾವ ಗಂಡಸಿಗಾದರೂ ಶಾಂತನಾಗಿರಲು ಬರುತ್ತದೆ.

ವೈಜಯಂತಿ ಹೆಚ್ಚಿ ಕೊಡುತ್ತಿದ್ದಳು, ಫಲಿತಾಂಶ ನೋಡುತ್ತಿರಲಿಲ್ಲ. ಅದೊಂದೇ ತನ್ನ ಮರ್ಯಾದೆ ಎಂದು ಅವಳು ತಿಳಿದುಕೊಂಡಿದ್ದಳು.

*

ಅವಳ ಮಗಳು ಇಂಪನಾ, ಮಾತು ತಡವಾದ ಮಕ್ಕಳಿಗೆ ಮಾತು ಕಲಿಸುವ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಆ ಕೇಂದ್ರಕ್ಕೆ ಹೊಸ ಕಟ್ಟಡ ಕೊಟ್ಟ ಮನೆತನದ ಹುಡುಗ ಸಮರ್ಥ ಮುದಗಲ್. ಒಂದು ವರ್ಷದಿಂದ ಇಬ್ಬರೂ ಒಬ್ಬರನ್ನೊಬ್ಬರು ಬಲ್ಲವರು; ಈಗ ಮದುವೆಯ ಮಾತು ನಡೆದಿತ್ತು. ಹುಡುಗ ನೋಡಲು ಲಕ್ಷಣವಾಗಿದ್ದ, ಮೆಲ್ಲಗೆ ಮಾತಾಡುತ್ತಿದ್ದ, ಮಕ್ಕಳೊಡನೆ ನೆಲದ ಮೇಲೆ ಕೂತು ಆಡುತ್ತಿದ್ದ. ವೈಜಯಂತಿಗೂ ಅವನಲ್ಲಿ ತಪ್ಪು ಹುಡುಕಲು ಆಗಿರಲಿಲ್ಲ. ಆಗದ್ದಕ್ಕೆ ಸ್ವಲ್ಪ ಅಸಮಾಧಾನವೂ ಇತ್ತು.

ಒಂದು ಬೆಳಿಗ್ಗೆ ಇಂಪನಾ ರೊಟ್ಟಿ ತಿನ್ನುತ್ತಲೇ ಹೇಳಿದಳು. “ಅವ್ವಾ, ಅವರ ಮನ್ಯಾಗ ಕೂದಲಾ ಕೇಳ್ಯಾರ.”

ವೈಜಯಂತಿ ತವೆಯ ಮೇಲಿನ ರೊಟ್ಟಿಯನ್ನು ಹಾಗೇ ಬಿಟ್ಟಳು. “ಏನಂದಿ?”

“ಸಮರ್ಥಗ ಬ್ಯಾಡಂತ. ಅವರಪ್ಪಗ ಸಮಾಧಾನ ಆಗ್ಲಿ ಅಂತ ಕೇಳಿದ.”

“ಅವರಪ್ಪನ ಸಮಾಧಾನಕ್ಕ ನಿನ್ನ ತಲಿ ಬೇಕಂತೇನು? ಕೊಡಬ್ಯಾಡ.”

“ಇಡೀ ಊರಿನ ಹುಡುಗ್ಯಾರ ಕೂದಲಾ ನೀ ಕತ್ತರಸ್ತಿ. ನಿನ್ನ ಮಗಳದ್ದು ಬಂದ್ರ ಬ್ಯಾಡ ಅಂತಿ.” ಇಂಪನಾಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕಿಂತ ಕೆಟ್ಟದ್ದಿತ್ತು. “ನಾ ಕೊಡಾಕಿ. ನನಗ ಮುಚ್ಚಿಡೂವಂಥಾದ್ದು ಏನೂ ಇಲ್ಲ.”

ಎಲ್ಲ ಹುಡುಗಿಯರೂ ಇದೇ ಮಾತು ಹೇಳುತ್ತಾರೆ ಎಂದು ವೈಜಯಂತಿಗೆ ಗೊತ್ತಿತ್ತು. ಮುಚ್ಚಿಡುವಂಥದ್ದು ಏನೂ ಇಲ್ಲದವರೇ ಬಹಳ ಬೇಗ ತಲೆ ಬಗ್ಗಿಸಿ ಕೊಡುತ್ತಿದ್ದರು. ರೊಟ್ಟಿ ಸೀದು ಹೊಗೆ ಬರುತ್ತಿತ್ತು.

ಸಂಬಂಧಿಕರ ಮಾದರಿಯನ್ನು ಮುಟ್ಟಬಾರದು ಎಂಬ ನಿಯಮವಿದ್ದುದರಿಂದ ಇಂಪನಾಳ ಕೂದಲನ್ನು ಬೇರೊಬ್ಬರು ಸಿದ್ಧಪಡಿಸಿದರು. ಆ ದಿನ ವೈಜಯಂತಿ ರಜೆ ಹಾಕಿ ಮನೆಯಲ್ಲಿ ಕೂತು, ಕಪಾಟಿನಲ್ಲಿದ್ದ ಬಟ್ಟೆಗಳನ್ನೆಲ್ಲ ತೆಗೆದು ಮತ್ತೆ ಮಡಿಸಿಟ್ಟಳು.

*

ಮುದಗಲ್ ಅವರ ಮನೆ ಕೇಶ್ವಾಪುರದಲ್ಲಿತ್ತು. ಮನೆಯ ಯಜಮಾನ ಚನ್ನಬಸಪ್ಪ ಮುದಗಲ್‌ಗೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜುಗಳಿದ್ದವು. ತಾಯಿ ಮಗಳು ಬಂದು ಕೂರುವ ಮೊದಲೇ ಅವನು ಅದನ್ನು ಹೇಳಿ ಮುಗಿಸಿದ.

“ನೀವೂ ಥಂಡಿ ಕೆಲಸದವರು, ನಾವೂ ಥಂಡಿ ಕೆಲಸದವರು. ಜೋಡಿ ಛಲೋ ಆತು ನೋಡ್ರಿ!” ಎಂದು ತಾನೇ ನಕ್ಕ. “ನೀವು ಕೂದಲಾ ಇಡ್ತೀರಿ, ನಾವು ಮೆಣಸಿನಕಾಯಿ.”

ವೈಜಯಂತಿ ಅವನ ಬೆರಳುಗಳ ಉಂಗುರಗಳನ್ನು ನೋಡಿದಳು, ಹೊಟ್ಟೆಯ ಮೇಲೆ ಬಿಗಿದ ರೇಷ್ಮೆ ಅಂಗಿಯನ್ನು ನೋಡಿದಳು. ಇಂಥವರನ್ನು ಅವಳು ಪ್ರಯೋಗಾಲಯದ ಗಾಜಿನಾಚೆಯಿಂದ ಎಷ್ಟೋ ಸಲ ನೋಡಿದ್ದಳು. ಗಾಜು ಇಲ್ಲದೆ ನೋಡುವುದು ಕಷ್ಟವಾಗಿತ್ತು. ಸಮರ್ಥ ಅಪ್ಪನ ಪಕ್ಕದಲ್ಲಿ ವಿನಯದಿಂದ ಕೂತಿದ್ದ. ಅವನ ತಾಯಿ ಕಸ್ತೂರಿ ಶಿರಾ, ಉಪ್ಪಿಟ್ಟು ತಂದಿಟ್ಟು ಬಾಗಿಲ ಹತ್ತಿರದ ದಿವಾನದ ತುದಿಯಲ್ಲಿ ಕೂತಳು. ಐವತ್ತು ದಾಟಿದ ಹೆಂಗಸು. ಬಿಳಿಗೂದಲು ಬೆರೆತ ದಪ್ಪ ಜಡೆಯನ್ನು ಸುತ್ತಿ ತುರುಬು ಕಟ್ಟಿದ್ದಳು. ಯಾರಾದರೂ ನಕ್ಕಾಗ ನಗುತ್ತಿದ್ದಳು, ಒಂದು ಕ್ಷಣ ತಡವಾಗಿ. ಬೊಂಬೆ, ಎಂದುಕೊಂಡಳು ವೈಜಯಂತಿ. ತಲೆಯೊಳಗೆ ಏನೂ ಇಲ್ಲದೆ ತಲೆಯ ಮೇಲೆ ಮಾತ್ರ ಇಷ್ಟೊಂದು ಇರುವ ಹೆಂಗಸರು ಇರುತ್ತಾರೆ.

“ನಮ್ಮ ಮನಿ ಅಂದ್ರ ಹಿಂಗ ನೋಡ್ರಿ,” ಎಂದ ಚನ್ನಬಸಪ್ಪ. “ಹ್ವಾದ ವರ್ಷ ಬ್ಯಾಸಿಗಿ ಪೂರ್ತಿ ನಾನು ಚೆನ್ನೈದಾಗ, ಎದಿ ಆಪರೇಶನ್ ಆಗಿತ್ತು, ಮಗಳ ಮನ್ಯಾಗ ಇದ್ದೆ. ಇಲ್ಲಿ ವ್ಯಾಪಾರ, ಮನಿ ಎಲ್ಲಾ ಇವನಽ ಸಂಭಾಳಿಸಿದ. ನಾ ಇದ್ದಾಗ ಹೆಂಗೋ ಹಂಗಽ. ಒಂದು ಎಲಿ ಅಲುಗಲಿಲ್ಲ.” ಆಮೇಲೆ ಪಕ್ಕದಲ್ಲಿದ್ದ ಕೇಶಪತ್ರವನ್ನು ಎತ್ತಿಕೊಂಡ. “ಎಲ್ಲಾ ಛಲೋ ಐತಿ. ಒಂದಽ ಒಂದು. ಮೂರು ವರ್ಷದ ಹಿಂದ, ಮಳಿಗಾಲದಿಂದ ದೀಪಾವಳಿ ತನಕಾ, ಭಯ ಭಾಳ, ದುಃಖ ಭಾಳ. ಹುಡುಗಿ ಅಂದಮ್ಯಾಲ ವಯಸ್ಸಿನ್ಯಾಗ ಏನೋ ಆಗಿರತೈತಿ, ನಾವೇನ್ ಹಳೇ ಕಾಲದವರಲ್ಲ. ಯಾರಂವ ಹುಡುಗ? ಅಷ್ಟು ಹೇಳಿಬಿಟ್ರ ಮುಗೀತು.”

ಇಂಪನಾ ತಲೆ ಎತ್ತಿ ಅವನನ್ನೇ ನೋಡಿದಳು.

“ನಮ್ಮಪ್ಪ,” ಎಂದಳು. “ಆಗ ನಮ್ಮಪ್ಪ ಆಸ್ಪತ್ರ್ಯಾಗ ಇದ್ದರು. ದೀಪಾವಳಿ ಮುಂದ ತೀರಿಕೊಂಡ್ರು.”

“ಓಹ್, ಹಂಗೇನು!” ಎಂದ ಚನ್ನಬಸಪ್ಪ, ವ್ಯಾಪಾರದ ಒಂದು ತಕರಾರು ಬಗೆಹರಿದವನಂತೆ. “ಹಂಗಾದ್ರ ಏನೂ ತೊಂದರಿ ಇಲ್ಲ ಬಿಡ್ರಿ.”

ಗಂಡ ಗುರುನಾಥನ ಸಾವು ಈ ಮನುಷ್ಯನ ಉಂಗುರದ ಬೆರಳ ಕೆಳಗೆ ಒಂದು ಗೆರೆಯಾಗಿ ಬಿದ್ದಿತ್ತು. ವೈಜಯಂತಿ ಶಿರಾದ ತಟ್ಟೆ ಕೆಳಗಿಟ್ಟಳು.

“ನಮಗೂ ಬೇಕ್ರಿ,” ಎಂದಳು.

“ಏನ್ ಬೇಕ್ರಿ?”

“ಕೂದಲಾ. ನಾವು ಕೊಟ್ಟಿವಿ, ನೀವೂ ಕೊಡ್ರಿ.”

“ತಗೋರಿ ಅದಕ್ಕೇನು!” ಎಂದು ಚನ್ನಬಸಪ್ಪ ಮಗನ ತಲೆ ಸವರಿದ. ಸಮರ್ಥ ನಾಚಿದಂತೆ ನಕ್ಕ. ಕ್ಷೌರ ಮಾಡಿಸಿಕೊಂಡು ವಾರವೂ ಆಗಿರಲಿಲ್ಲ.

“ಇವರದ್ದು ಬ್ಯಾಡ. ಒಂದು ತಿಂಗಳದ್ದು ತಗೊಂಡು ನಾ ಏನ್ ಮಾಡ್ಲಿ? ಸೊಸಿ ದಿನಾ ಇರೂದು ಅತ್ತಿ ಜೋಡಿ. ಅವರದು ಕೊಡ್ರಿ.” ಅವಳು ದಿವಾನದ ಕಡೆಗೆ ಕೈ ತೋರಿಸಿದಳು. ಅವಳ ಉದ್ದೇಶ ಅವಮಾನ ಮಾಡುವುದಷ್ಟೇ ಆಗಿತ್ತು. ಅವನು ರೇಗಿ ಎದ್ದು ಹೋಗಲಿ, ಸಂಬಂಧ ಇಲ್ಲಿಗೇ ಮುರಿಯಲಿ ಎಂದು ಒಳಗೊಳಗೇ ಹಾರೈಸಿದ್ದಳು.

ಚನ್ನಬಸಪ್ಪ ರೇಗಲಿಲ್ಲ, ಸೋಫಾ ಅಲುಗುವಂತೆ ನಕ್ಕ. “ಈಕಿದಾ? ಬೇಕಾದಷ್ಟು ತಗೋರಿ. ಅದರಾಗ ಏನ್ ಸಿಗತೈತಿ? ಉಪ್ಪು, ಹುಳಿ, ಖಾರ!” ಸಮರ್ಥನೂ ನಕ್ಕ. ಕಸ್ತೂರಿ ಒಂದು ಕ್ಷಣ ತಡವಾಗಿ ನಕ್ಕಳು.

ಮಾದರಿ ತೆಗೆಯುವ ಚೀಲ ಕಾರಿನಲ್ಲೇ ಇತ್ತು. ಒಳಕೋಣೆಯಲ್ಲಿ ಕಸ್ತೂರಿ ತುರುಬು ಬಿಚ್ಚಿದಾಗ ಜಡೆ ಸೊಂಟದ ತನಕ ಇಳಿಯಿತು. ವೈಜಯಂತಿ ಕತ್ತಿನ ಹಿಂದಿನಿಂದ ಕೆಲವು ಎಳೆಗಳನ್ನು ಆರಿಸಿ ಬುಡಕ್ಕೆ ಕತ್ತರಿ ಇಟ್ಟಳು.

“ಎಲ್ಲಾ ಓದ್ತೀರೇನ್ರಿ?” ಎಂದು ಕಸ್ತೂರಿ ಕೇಳಿದಳು. ಅವಳ ದನಿ ಕೇಳಿದ್ದು ಅದೇ ಮೊದಲು.

“ಬೇಕಾದಷ್ಟು ಓದ್ತೇವ್ರಿ.”

“ಅರ್ಧಕ್ಕ ಬಿಡಬ್ಯಾಡ್ರಿ. ತುದಿ ತನಕಾ ಓದ್ರಿ.”

ಕೂದಲಿನ ಉದ್ದದ ಮೇಲೆ ಈ ವಯಸ್ಸಿನಲ್ಲೂ ಎಷ್ಟು ಜಂಬ, ಎಂದುಕೊಂಡಳು ವೈಜಯಂತಿ.

*

ಎರಡು ದಿನ ಬಿಟ್ಟು ಅವಳು ಆ ಎಳೆಗಳನ್ನು ತೆಗೆದುಕೊಂಡು ಕೂತಳು. ತೊಳೆದು ಎಣ್ಣೆ ತೆಗೆದು, ಬುಡಗಳನ್ನೆಲ್ಲ ಒಂದೇ ಸಾಲಿಗೆ ತಂದು, ಚಿಕ್ಕ ಚಿಕ್ಕ ತುಂಡುಗಳಾಗಿ ಅಲ್ಯೂಮಿನಿಯಂ ಹಲಗೆಯ ಗೀರುಗಳಲ್ಲಿ ಮಲಗಿಸಿದಳು. ದ್ರವ ಸಾರಜನಕದಲ್ಲಿ ಸುಮ್ಮನೆ ಅದ್ದಿದರೆ ಅದು ಕೊತಕೊತ ಕುದಿದು ಮಾದರಿಯ ಸುತ್ತ ಆವಿಯ ಪೊರೆ ಕಟ್ಟುತ್ತದೆ. ಚಳಿ ತಡವಾಗಿ ತಾಗಿ, ಒಳಗಿನ ನೀರು ಹರಳುಗಟ್ಟಿ ಎಳೆಯನ್ನು ಸೀಳಿಬಿಡುತ್ತದೆ. ಅದಕ್ಕೇ ಅವಳು ಪಾತ್ರೆಯ ಗಾಳಿಯನ್ನು ಪಂಪಿನಿಂದ ಎಳೆದು, ಸಾರಜನಕವನ್ನೇ ಅಂಬಲಿಯ ಹಾಗೆ ಅರೆಗಟ್ಟಿ ಮಾಡಿಕೊಂಡು ಅದರಲ್ಲಿ ಅದ್ದುತ್ತಿದ್ದಳು. ಆಮೇಲೆ ಹಲಗೆ ಅಲಗಿನ ಪೆಟ್ಟಿಗೆಯೊಳಗೆ ಹೋಗುತ್ತಿತ್ತು. ಅಲ್ಲಿ ಉಸಿರು ತಾಗಿದರೂ ಕೆಲಸ ಕೆಟ್ಟಂತೆ; ಉಸಿರಿನ ತೇವ ಹಿಮವಾಗಿ ಕೂತುಬಿಡುತ್ತದೆ. ಮುಖಕ್ಕೆ ಬಟ್ಟೆ ಕಟ್ಟಿ, ಎರಡು ಪದರದ ಕೈಗವಸಿನಲ್ಲಿ ಬೆರಳು ತೂರಿಸಿ ಅವಳು ಚಕ್ರ ತಿರುಗಿಸುತ್ತ ಹೋದಳು. ಕಸ್ತೂರಿಯ ದಿನಗಳು ವಜ್ರದ ಅಂಚಿನಿಂದ ರಂಗೋಲಿ ಪುಡಿಯಂತೆ ಉದುರಿ ತಣ್ಣನೆಯ ತಟ್ಟೆಗಳಲ್ಲಿ ಸಾಲಾಗಿ ಕೂತವು.

ಪ್ರತಿ ಮಾದರಿಯನ್ನೂ ಎರಡು ಜೊತೆ ಹೆಚ್ಚುವುದು ವಾಡಿಕೆ. ಒಂದು, ಕತ್ತರಿಸಿದ್ದು ಸರಿಯಾಯಿತೇ ಎಂದು ನೋಡಲು. ಅದರ ಫಲಿತಾಂಶವನ್ನು ಯಾರೂ ಉಳಿಸಿಕೊಳ್ಳುವುದಿಲ್ಲ. ಇನ್ನೊಂದು ಕೇಶಪತ್ರಕ್ಕೆ. ವೈಜಯಂತಿ ಮೊದಲ ಜೊತೆಯನ್ನು ಯಂತ್ರಕ್ಕೆ ಕೊಟ್ಟಳು. ಎಂದಿನಂತೆ ಬೆನ್ನು ತಿರುಗಿಸಿ ಹೋಗಬೇಕಿತ್ತು. ಉಂಗುರದ ಬೆರಳು ನೆನಪಾಯಿತು. ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತಳು.

ಉಪ್ಪು, ಹುಳಿ, ಖಾರ ಇರಲಿಲ್ಲ. ಭಯವಿತ್ತು. ಒಂದು ದಿನದ್ದಲ್ಲ, ಒಂದು ತಿಂಗಳದ್ದಲ್ಲ. ಬೆಳಿಗ್ಗೆ ತಗ್ಗಿ, ಮಧ್ಯಾಹ್ನ ತಗ್ಗಿ, ಸಂಜೆಯಾಗುತ್ತಲೇ ಏಳುವ ಭಯ. ಗಂಡಸರು ಮನೆಗೆ ಬರುವ ಹೊತ್ತಿನ ಭಯ. ಕೆಲವು ಸಂಜೆಗಳಲ್ಲಿ ಅದು ಪರದೆಯ ಅಂಚು ಮುಟ್ಟುತ್ತಿತ್ತು. ಅದರ ಬೆನ್ನಿಗೇ ಮೈಗೆ ಪೆಟ್ಟು ಬಿದ್ದಾಗ ಇಳಿಯುವ ರಸಗಳ ಗುರುತು. ಹಬ್ಬಗಳಲ್ಲೂ ಅದೇ, ಮಗಳ ಮದುವೆಯ ದಿನವೂ ಅದೇ ಇದ್ದಿರಬೇಕು. ವೈಜಯಂತಿ ಹೋದ ವರ್ಷದ ಬೇಸಿಗೆಗೆ ಬಂದಳು. ಚನ್ನಬಸಪ್ಪ ಚೆನ್ನೈಯಲ್ಲಿದ್ದ ಕಾಲ. ಮೊದಲ ಕೆಲವು ದಿನ ಗೆರೆ ಮಲಗಿತು. ಒಂದು ಸಂಜೆಯಂತೂ ಸಂತೋಷದ ಒಂದು ಪುಟ್ಟ ಗುರುತು ಕಾಣಿಸಿತು. ಆಮೇಲೆ ಗೆರೆ ಮತ್ತೆ ಎದ್ದಿತು, ಅದೇ ಸಂಜೆಯ ಹೊತ್ತಿಗೆ, ಮೊದಲಿಗಿಂತ ಎತ್ತರಕ್ಕೆ.

ಮನೆಯಲ್ಲಿ ಆಗ ಇದ್ದವನು ಸಮರ್ಥ ಒಬ್ಬನೇ.

ಒಂದು ಎಲೆ ಅಲುಗದ ಮನೆ! ಅಪ್ಪ ಹೇಳಿದ್ದು ನಿಜವೇ ಆಗಿತ್ತು: ನಾ ಇದ್ದಾಗ ಹೆಂಗೋ ಹಂಗಽ. ತನ್ನ ಹೆಂಡತಿಯ ತಲೆಯಲ್ಲಿ ಏನೂ ಇರಲಾರದು ಎಂಬ ತಾತ್ಸಾರ ಅವನಿಗೆ ಎಷ್ಟಿತ್ತೆಂದರೆ, ಸಾಕ್ಷಿಯನ್ನು ನಗುನಗುತ್ತ ಕತ್ತರಿಸಿಕೊಳ್ಳಲು ಬಿಟ್ಟಿದ್ದ. ಅಂಥದೇ ತಾತ್ಸಾರ ತನಗೂ ಇತ್ತು ಎನ್ನುವುದು ಹೊಳೆದು ವೈಜಯಂತಿ ಕುರ್ಚಿಯಲ್ಲಿ ಹಿಂದಕ್ಕೆ ಸರಿದಳು. ಆ ಹೆಂಗಸು ಒಳಕೋಣೆಯಲ್ಲಿ ಹೇಳಿದ್ದು ಜಂಬದ ಮಾತಾಗಿರಲಿಲ್ಲ.

ಎರಡನೆಯ ಜೊತೆ ಇನ್ನೂ ಶೀತದ ಪೆಟ್ಟಿಗೆಯಲ್ಲಿತ್ತು. ಅದು ಯಂತ್ರಕ್ಕೆ ಹೋದರೆ ಕೇಶಪತ್ರವಾಗುತ್ತದೆ, ಒಂದು ಪ್ರತಿ ಆ ಗಂಡಸರ ಕೈಗೂ ಹೋಗುತ್ತದೆ. ಅದನ್ನು ಓದಿದ ಸಂಜೆ ಆ ಮನೆಯಲ್ಲಿ ಏನಾಗುತ್ತದೆ ಎಂದು ಹೇಳಲು ಯಂತ್ರ ಬೇಕಿರಲಿಲ್ಲ. ವೈಜಯಂತಿ ತಟ್ಟೆಯನ್ನು ಹೊರಗೆ ತೆಗೆದು ಕಿಟಕಿಯ ಬಿಸಿಲಿನಲ್ಲಿ ಇಟ್ಟಳು. ಬಿಳಿಯ ಪುಡಿ ಮೊದಲು ತೇವಗೊಂಡಿತು, ಆಮೇಲೆ ಒಂದಕ್ಕೊಂದು ಅಂಟಿಕೊಂಡು ಕಂದು ಬಣ್ಣದ ಕಲೆಯಾಯಿತು.

ಪ್ರಯೋಗಾಲಯದ ನಿರ್ದೇಶಕ ಸವಡಿ ಬಾಗಿಲಲ್ಲಿ ಇಣುಕಿದ. “ಮುದಗಲ್ ಸಾಹೇಬ್ರ ಫೋನ್ ಬಂದಿತ್ತು ಮೇಡಂ. ದೊಡ್ಡ ಮಂದಿ, ಲಗೂನ ಮುಗಿಸ್ರಿ.”

“ಹಾಳಾತು. ಬೆಚ್ಚಗಾಗಿಬಿಟ್ಟಿತು.”

“ನಿಮ್ಮ ಕೈಯಾಗ?” ಸವಡಿ ಕಣ್ಣರಳಿಸಿದ. ಅವಳ ಕೈಯಲ್ಲಿ ಈವರೆಗೆ ಒಂದು ಮಾದರಿಯೂ ಕೆಟ್ಟಿರಲಿಲ್ಲ.

“ಹೌದ್ರಿ, ನನ್ನ ಕೈಯಾಗ,” ಎಂದಳು ವೈಜಯಂತಿ.

*

ಮಗಳು ನಂಬುತ್ತಾಳೆ ಎಂದುಕೊಂಡಿದ್ದಳು. ಇಂಪನಾ ಪೂರ್ತಿ ಕೇಳಿಸಿಕೊಂಡು, “ನೀ ನೋಡಿದ್ದು ಭಯ. ಯಾರಿಗೆ ಅಂಜಿದ್ದು ಅಂತ ಯಂತ್ರ ಹೇಳತೈತೇನು?” ಎಂದಳು.

“ಇನ್ಯಾರಿಗೆ ಅಂಜತಾಳ? ಮನ್ಯಾಗ ಅವ ಒಬ್ಬಾವಽ ಇದ್ದ.”

“ಆಕಿಗೆ ಗಂಡನ ಆಪರೇಶನ್ ಚಿಂತಿ ಇರಬಹುದು. ಸಂಜಿಕೆ ಆಸ್ಪತ್ರಿಂದ ಫೋನ್ ಬರತಿರಬಹುದು. ಎಲ್ಲ್ಯಾರ ಬಿದ್ದು ಪೆಟ್ಟು ಮಾಡಿಕೊಂಡಿರಬಹುದು.” ಇಂಪನಾಳ ಕಣ್ಣು ತುಂಬಿತ್ತು, ಆದರೂ ದನಿ ಗಟ್ಟಿಯಾಗಿತ್ತು. “ನಮ್ಮಪ್ಪ ಸಾಯೂ ಮುಂದ ನಾ ಪಟ್ಟ ಸಂಕಟ ಓದಿ ಅವರು ಯಾರಂವ ಹುಡುಗ ಅಂದ್ರು. ನೀ ಅವರಿಗೆ ಥೂ ಅಂದಿ. ಈಗ ನೀನೂ ಹಂಗಽ ಮಾಡಾಕತ್ತಿ. ಒಂದು ವರ್ಷದಿಂದ ಬಲ್ಲೆ ನಾ ಅವನ್ನ, ಅವ್ವಾ.”

“ಹಂಗಾರ ಏನ್ ಮಾಡಂತಿ?”

“ಆ ಕಸ್ತೂರಿ ಕಾಕುನ್ನ ಕೇಳ್ತೀನಿ. ಬಾಯಿ ಐತಲ್ಲ ಅವರಿಗೆ.”

“ಆಕಿ ಹೇಳ್ತಾಳೇನು? ಇಷ್ಟು ವರ್ಷ ಹೇಳದಾಕಿ?”

“ಕೇಳಿದವರು ಯಾರು?” ಎಂದಳು ಇಂಪನಾ.

*

ಭಾನುವಾರ ಮಧ್ಯಾಹ್ನ ಮತ್ತೆ ಅದೇ ಸೋಫಾ, ಅದೇ ದಿವಾನ. ಮಾದರಿ ಹಾಳಾದ ಸುದ್ದಿಯನ್ನು ವೈಜಯಂತಿ ಹೇಳಿದಾಗ ಚನ್ನಬಸಪ್ಪನಿಗೆ ಆದ ಸಂತೋಷ ಇಷ್ಟಿಷ್ಟಲ್ಲ.

“ನಮ್ಮಲ್ಲಿ ವರ್ಷಗಟ್ಟಲೆ ಇಟ್ಟರೂ ಮೆಣಸಿನಕಾಯಿ ಬಣ್ಣ ಹೋಗೂದಿಲ್ಲ. ನಿಮಗ ನಾಕು ಕೂದಲಾ ಕಾಯಾಕ ಆಗಲಿಲ್ಲೇನ್ರಿ? ಇಷ್ಟು ಕಲತವರು!”

“ಹೋಗ್ಲಿ ಬಿಡ್ರಿ ಅಪ್ಪಾರ,” ಎಂದ ಸಮರ್ಥ ದೊಡ್ಡ ಮನಸ್ಸಿನಿಂದ. “ಅವ್ವನ ತಲ್ಯಾಗ ಹೊಸಾದೇನು ಇರತಿತ್ತು?”

ವೈಜಯಂತಿ ಕಸ್ತೂರಿಯನ್ನು ನೋಡಿದಳು. ಮಾದರಿ ಹಾಳಾಯಿತು ಎಂಬ ಮಾತು ಬಂದಾಗಿನಿಂದ ಆ ಮುಖದಲ್ಲಿ ತಡವಾಗಿ ಬರುವ ನಗುವೂ ಬಂದಿರಲಿಲ್ಲ. ಯಾರೋ ಬಾಗಿಲು ತೆರೆದು, ಇವಳು ಹೊಸ್ತಿಲ ತನಕ ಬಂದಾಗ ಮುಚ್ಚಿದ ಹಾಗಿತ್ತು. ಮುಚ್ಚಿದವಳು ತಾನು. ಕಾಪಾಡಿದೆ ಎಂದುಕೊಂಡು ಮುಚ್ಚಿದ್ದಳು.

ಇಂಪನಾ ಎದ್ದು ಹೋಗಿ ದಿವಾನದ ಮೇಲೆ ಕಸ್ತೂರಿಯ ಪಕ್ಕದಲ್ಲಿ ಕೂತಳು. ತನ್ನ ಕೇಂದ್ರದಲ್ಲಿ ಮಕ್ಕಳ ಮುಂದೆ ಕೂರುವ ಹಾಗೆ, ಮುಖಕ್ಕೆ ಮುಖ ಕೊಟ್ಟು, ಅವಸರವಿಲ್ಲದೆ.

“ಕಾಕು, ಕೂದಲಾ ಹೋದ್ರ ಹೋಗ್ಲಿ. ನಾ ನಿಮ್ಮನ್ನಽ ಕೇಳ್ತೀನಿ. ಈ ಮನ್ಯಾಗ ನೀವು ಆರಾಮ ಅದೀರೇನು?”

“ಆರಾಮ ಅದಾಳ,” ಎಂದ ಚನ್ನಬಸಪ್ಪ. “ಏನ್ ಕಮ್ಮಿ ಆಗೇತಿ ಆಕಿಗೆ?”

“ನಾ ಅವರನ್ನ ಕೇಳೀನ್ರಿ,” ಎಂದಳು ಇಂಪನಾ, ಅವನತ್ತ ತಿರುಗದೆ.

ಕಸ್ತೂರಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಇಂಪನಾ ಕಾದಳು. ಸಮರ್ಥ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ತಾಯಿಯ ದನಿ ಬಂತು.

“ಇಲ್ಲವ್ವಾ.”

“ಏನು?” ಎಂದ ಚನ್ನಬಸಪ್ಪ.

“ನೀ ಈ ಮನಿಗೆ ಬರಬ್ಯಾಡ,” ಎಂದಳು ಕಸ್ತೂರಿ, ಇಂಪನಾಳ ಮುಖದಿಂದ ಕಣ್ಣು ತೆಗೆಯದೆ. “ಇವರು ಬಡೀತಾರ. ಇವರು ಊರಾಗ ಇರದಿದ್ರ ಅವ ಬಡೀತಾನ. ಉಪ್ಪು ಹೆಚ್ಚಾತು ಅಂತ ಬಡೀತಾನ, ತಿರುಗಿ ನೋಡಿದಿ ಅಂತ ಬಡೀತಾನ. ಹಡದ ತಾಯಿನ್ನ. ನಿನ್ನ ಬಿಡ್ತಾನೇನು?”

“ಅವ್ವಾ!” ಸಮರ್ಥ ಎದ್ದು ಒಂದು ಹೆಜ್ಜೆ ಮುಂದೆ ಬಂದ.

ಕಸ್ತೂರಿಯ ಮೊಣಕೈ ತಾನಾಗಿಯೇ ಮೇಲೆದ್ದು ತಲೆಗೆ ಅಡ್ಡ ಬಂತು. ಅವನು ಕೈ ಎತ್ತಿರಲಿಲ್ಲ, ಬೈದಿರಲಿಲ್ಲ, ಹೆಜ್ಜೆ ಇಟ್ಟಿದ್ದನಷ್ಟೇ. ಇಂಪನಾ ಆ ಮೊಣಕೈಯನ್ನು ನೋಡಿದಳು, ಆಮೇಲೆ ಅವನನ್ನು ನೋಡಿದಳು. ಒಂದು ವರ್ಷದ ಪರಿಚಯ ಅವಳ ಮುಖದಿಂದ ಇಳಿದುಹೋದದ್ದು ವೈಜಯಂತಿಗೆ ಕಾಣಿಸಿತು.

“ಅಲ್ಲೇ ನಿಂದರು,” ಎಂದಳು ಇಂಪನಾ. ಅವನು ನಿಂತ.

ಚನ್ನಬಸಪ್ಪನ ಮುಖ ಕೆಂಪೇರಿತ್ತು. “ಇದೆಲ್ಲಾ ನಿಮ್ಮ ಕೆಲಸ! ಈ ಕೂದಲಾ ಪರೀಕ್ಷಾ, ಯಂತ್ರ, ಎಲ್ಲಾ ಸುಳ್ಳು! ಮನಿತನ ಮುರಿಯೂ ಧಂದೆ! ನಾ ಪೇಪರಿನ್ಯಾಗ ಹಾಕಸ್ತೀನಿ!”

“ಕೂದಲಾ ಏನೂ ಹೇಳಿಲ್ರಿ,” ಎಂದಳು ವೈಜಯಂತಿ. “ಹಾಳಾಗೇತಿ. ಈಗ ನೀವಽ ನಕ್ಕಿರಲ್ಲ.”

ಉತ್ತರ ಸಿಗದ ಗಂಡಸು ಏನು ಮಾಡುತ್ತಾನೋ ಅದನ್ನು ಮಾಡಲು ಅವನ ಕೈ ತುರಿಸುತ್ತಿತ್ತು, ಆದರೆ ಹೊರಗಿನವರು ಇದ್ದರು. ಅವರ ಮುಂದೆ ಅವನು ಮರ್ಯಾದಸ್ಥ. ವೈಜಯಂತಿಗೆ ಅವನ ಮೇಲೆ ಸಿಟ್ಟು ಕೂಡ ಬರಲಿಲ್ಲ. ಸಿಟ್ಟು ಮಾಡಿಕೊಳ್ಳುವಷ್ಟು ದೊಡ್ಡದು ಅಲ್ಲಿ ಏನೂ ಇರಲಿಲ್ಲ.

ಕಸ್ತೂರಿ ಎದ್ದಳು. ಒಳಗೆ ಹೋಗಲಿಲ್ಲ, ಬಟ್ಟೆ ತೆಗೆದುಕೊಳ್ಳಲಿಲ್ಲ. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು ತಿರುಗಿ ಕೇಳಿದಳು: “ನಿಮ್ಮ ಗಾಡಿಯಾಗ ಜಾಗಾ ಐತೇನವ್ವಾ?”

“ಐತಿ, ಬರ್ರಿ,” ಎಂದಳು ಇಂಪನಾ.

ಹಿಂದಿನಿಂದ ಚನ್ನಬಸಪ್ಪ ಕೂಗುತ್ತಿದ್ದ, “ಹೋಗ್ಲಿ ಬಿಡು, ಎಲ್ಲಿಗೆ ಹೋಗ್ತಾಳ? ಸಂಜಿಕೆ ಬರ್ತಾಳ.” ಅವನು ಅದನ್ನು ಮಗನಿಗೆ ಹೇಳುತ್ತಿದ್ದನೋ ತನಗೇ ಹೇಳಿಕೊಳ್ಳುತ್ತಿದ್ದನೋ ತಿಳಿಯಲಿಲ್ಲ. ಮೂವರೂ ಗೇಟು ದಾಟಿದರು.

ಇಂಪನಾ ಗಾಡಿ ಓಡಿಸಿದಳು. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಅವಳು ಒರೆಸಿಕೊಳ್ಳಲಿಲ್ಲ. ಹಿಂದಿನ ಸೀಟಿನಲ್ಲಿ ವೈಜಯಂತಿ, ಕಸ್ತೂರಿ ಪಕ್ಕಪಕ್ಕದಲ್ಲಿ ಕೂತಿದ್ದರು. ಗಾಡಿ ರೈಲ್ವೆ ಸೇತುವೆ ದಾಟಿತು.

“ಖರೇನ ಹಾಳಾತೇನ್ರಿ ಕೂದಲಾ?” ಎಂದು ಕಸ್ತೂರಿ ಕೇಳಿದಳು.

“ಇಲ್ಲ. ನಾನಽ ಹಾಳು ಮಾಡಿದೆ. ಅವರ ಕೈಗೆ ಸಿಕ್ಕರ ನಿಮಗ ತ್ರಾಸ ಆಗತೈತಿ ಅಂತ.” ವೈಜಯಂತಿ ಅವಳ ಕಡೆ ತಿರುಗಿ ಹೇಳಿದಳು, “ಅದಕ್ಕೂ ಮೊದಲು ಓದೀನಿ.”

ಕಸ್ತೂರಿ ತಲೆಯಾಡಿಸಿದಳು. ಯಾರಾದರೂ ಓದಿದರಲ್ಲ ಎನ್ನುವುದಷ್ಟೇ ಅವಳಿಗೆ ಸಾಕಾಗಿದ್ದಂತೆ ಕಂಡಿತು.

“ಎಷ್ಟು ವರ್ಷದ್ದು ಇತ್ರಿ?”

“ಆರು.”

ಕಸ್ತೂರಿ ಕಿಟಕಿಯ ಹೊರಗೆ ನೋಡಿದಳು. ಭಾನುವಾರದ ರಸ್ತೆ ಖಾಲಿಯಿತ್ತು.

“ಮದುವಿ ಆಗಿ ಮೂವತ್ತೊಂದಾತು,” ಎಂದಳು. “ಕೂದಲಾ ಅಷ್ಟಽ ಉದ್ದ ಬೆಳೀತಾವ್ರಿ.”